16ರಿಂದ 21: ದೆಹಲಿಯ ಕನ್ನಡ ಮಕ್ಕಳು ದುಡಿಮೆಗೆ ಕಾಲಿಡಲು 15 ಸೂತ್ರಗಳು

ಬೋರ್ಡ್ ಪರೀಕ್ಷೆ ಮುಗಿದು ಫಲಿತಾಂಶ ಬಂದರೆ ಸಾಕು, ಎರಡು ತಿಂಗಳೊಳಗೆ ಬದುಕಿನ ದಿಕ್ಕು ತೀರ್ಮಾನವಾಗಿಬಿಡಬೇಕು ಎಂಬ ಒತ್ತಡ ಮನೆಮನೆಯಲ್ಲೂ ಶುರುವಾಗುತ್ತದೆ. ದ್ವಾರಕಾ, ಜನಕಪುರಿ, ಆರ್.ಕೆ. ಪುರಂ, ಮಯೂರ್ ವಿಹಾರ್, ನೋಯ್ಡಾ, ಗುರುಗ್ರಾಮದ ಕನ್ನಡ ಮನೆಗಳೂ ಇದಕ್ಕೆ ಹೊರತಲ್ಲ. ಊರಿನಲ್ಲಾದರೆ ದೊಡ್ಡಪ್ಪ, ಸೋದರಮಾವ, ಪಕ್ಕದ ಬೀದಿಯ ಮೇಷ್ಟ್ರು ಅಂತ ದಾರಿ ಹೇಳುವವರು ಹತ್ತು ಜನ ಇರುತ್ತಾರೆ. ಇಲ್ಲಿ ಬಹುಪಾಲು ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರೇ. ಅವರಿಗೂ ತಾವು ದುಡಿಯುವ ಕಚೇರಿ ಬಿಟ್ಟರೆ ಬೇರೆ ಉದ್ಯೋಗಗಳ ಒಳಹೊರಗು ಅಷ್ಟಾಗಿ ಗೊತ್ತಿರುವುದಿಲ್ಲ.

ಹಾಗಂತ ದೆಹಲಿಯಲ್ಲಿ ಬೆಂಬಲಕ್ಕೆ ಬರವಿಲ್ಲ. ತರಬೇತಿ ಸಂಸ್ಥೆಗಳಿವೆ, ಸರ್ಕಾರದ ಯೋಜನೆಗಳಿವೆ, ಸಹಾಯವಾಣಿಗಳಿವೆ, ನಮ್ಮದೇ ಕನ್ನಡ ಸಂಘಗಳಿವೆ. ಕೇಳುವವರೇ ಕಡಿಮೆ. ಈ ವಯಸ್ಸಿನಲ್ಲಿ ಮುಂದೆ ಬಂದವರನ್ನು ವಿಚಾರಿಸಿ ನೋಡಿ: ಸರಿಯಾದ ಹೊತ್ತಿನಲ್ಲಿ ಯಾರನ್ನೋ ಕೇಳಿದ್ದೇ ಅವರಿಗೆ ದಾರಿಯಾಗಿರುತ್ತದೆ. ಮುಂದಿನ 15 ಸೂತ್ರಗಳು ಯಾವಾಗ, ಏನನ್ನು, ಯಾರನ್ನು ಕೇಳಬೇಕು ಎಂಬುದರ ಕುರಿತೇ ಇವೆ.

1. 18ನ್ನು ಗಡುವು ಎಂದುಕೊಳ್ಳಬೇಡಿ

ಕಾನೂನಿನ ಲೆಕ್ಕದಲ್ಲಿ 18 ತುಂಬಿದ ದಿನವೇ ನೀವು ವಯಸ್ಕರು. ಬದುಕು ಅಷ್ಟು ಅವಸರ ಮಾಡುವುದಿಲ್ಲ. 16ರಿಂದ 21ರವರೆಗಿನ ಐದು ವರ್ಷವನ್ನು ಒಂದೇ ಯೋಜನೆಯಾಗಿ ನೋಡಿ. 16, 17ರಲ್ಲಿ ಬೇರೆ ಬೇರೆ ಉದ್ಯೋಗಗಳನ್ನು ಹತ್ತಿರದಿಂದ ನೋಡಿ, ವಿಚಾರಿಸಿ. 18, 19ರಲ್ಲಿ ಒಂದೆರಡನ್ನು ಮಾಡಿ ನೋಡಿ. 20ರಿಂದ 21 ತುಂಬುವಷ್ಟರಲ್ಲಿ ಒಂದರಲ್ಲಿ ಗಟ್ಟಿಯಾಗಿ ಕಾಲೂರಿ. ಒಂದು ಹಾಳೆಯಲ್ಲಿ ಈ ಐದು ವರ್ಷ ಬರೆದು, ಪ್ರತಿ ವರ್ಷದ ಮುಂದೆ 'ಓದು', 'ಗಳಿಕೆ' ಎಂದು ಎರಡು ಅಂಕಣ ಮಾಡಿ. ಎರಡೂ ಅಂಕಣ ಒಟ್ಟಿಗೇ ಖಾಲಿ ಇರುವ ವರ್ಷ ಬರದಂತೆ ನೋಡಿಕೊಂಡರೆ ಯೋಜನೆಯ ಅರ್ಧ ಕೆಲಸ ಮುಗಿದಂತೆ.

ಒಂದು ಎಚ್ಚರ: 14 ತುಂಬದ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರ ನಡುವಿನವರಿಂದ ಅಪಾಯಕಾರಿ ಕೆಲಸ ಮಾಡಿಸುವಂತಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

2. ಎಲ್ಲ ದಾಖಲೆಯಲ್ಲೂ ಒಂದೇ ಹೆಸರಿರಲಿ

ಇದು ಕನ್ನಡದ ಮಕ್ಕಳನ್ನೇ ಹೆಚ್ಚು ಕಾಡುವ ಸಮಸ್ಯೆ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಶಿಯಲ್ ಆಗಿ ಮುಂದೆಯೋ ಹಿಂದೆಯೋ ಕೂರುತ್ತವೆ. ಉತ್ತರದ ಅರ್ಜಿ ನಮೂನೆಗಳು 'ಸರ್‌ನೇಮ್' ಕೇಳುತ್ತವೆ. ಹೀಗಾಗಿ ಅಂಕಪಟ್ಟಿಯಲ್ಲಿ ಎರಡು ಇನಿಶಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಬರೀ ಒಂದು ಹೆಸರು! ಮೊದಲ ಕೆಲಸಕ್ಕೆ ಸೇರಿ ಪಿಎಫ್ ಖಾತೆ ತೆರೆಯುವಾಗ ಇವು ತಾಳೆಯಾಗದೆ ಕೆಲಸ ನಿಲ್ಲುತ್ತದೆ.

ಇದನ್ನು 17ರಲ್ಲೇ ಸರಿಪಡಿಸಿ. 10ನೇ ತರಗತಿಯ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಮೂಲವಾಗಿಟ್ಟುಕೊಳ್ಳಿ. ಬೋರ್ಡಿನ ದಾಖಲೆ ತಿದ್ದುವುದು ಕಷ್ಟ, ಆಧಾರ್ ತಿದ್ದುವುದು ಸುಲಭ. ಪ್ಯಾನ್ ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಹೆಸರನ್ನು ಬಿಡಿಸಿ ಬರೆಯಬೇಕು. ಬಿಡಿಸಿ ಬರೆದ ರೂಪ ಯಾವುದೆಂದು ಮನೆಯಲ್ಲಿ ಕೂತು ಒಮ್ಮೆ ತೀರ್ಮಾನಿಸಿ, ಅಕ್ಷರವೂ ಬದಲಾಗದಂತೆ ಎಲ್ಲೆಡೆ ಅದನ್ನೇ ಬಳಸಿ.

3. ದಾಖಲೆಗಳ ಕಡತ ನಿಮ್ಮ ಕೈಯಲ್ಲೇ ಇರಲಿ

ಇಲ್ಲಿಯವರೆಗೆ ಕಾಗದಪತ್ರ ಅಮ್ಮನ ಬೀರುವಿನಲ್ಲಿತ್ತು. ಇನ್ನು ಜವಾಬ್ದಾರಿ ನಿಮ್ಮದು. 15 ದಾಟಿದ ಮೇಲೆ ಆಧಾರ್‌ನ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಕಡ್ಡಾಯವಾಗಿ ನವೀಕರಿಸಬೇಕು, ಆಗಿದೆಯೇ ನೋಡಿ. 18 ತುಂಬುತ್ತಿದ್ದಂತೆ ಅಪ್ರಾಪ್ತರ ಬ್ಯಾಂಕ್ ಖಾತೆಯನ್ನು ಹೊಸ ಸಹಿ, ಹೊಸ ಕೆವೈಸಿ ಕೊಟ್ಟು ಬದಲಾಯಿಸಿಕೊಳ್ಳಿ. ಪ್ಯಾನ್ ಮಾಡಿಸಿ. ಮತದಾರರ ಪಟ್ಟಿಗೆ ಹೆಸರು ಸೇರಿಸಿ. ವರ್ಷದಲ್ಲಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಹೀಗೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಅಂಕಪಟ್ಟಿಗಳನ್ನು ಡಿಜಿಲಾಕರ್‌ಗೆ ಹಾಕಿಕೊಳ್ಳಿ.

ಮೀಸಲಾತಿಗೆ ಅರ್ಹರಾದವರು ಇದನ್ನು ಮರೆಯಬೇಡಿ: ಕರ್ನಾಟಕದ ಪ್ರವರ್ಗ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಕೇಂದ್ರದ ಹುದ್ದೆ, ಕಾಲೇಜುಗಳಿಗೆ ಕೇಂದ್ರದ ನಮೂನೆಯ ಪ್ರಮಾಣಪತ್ರವೇ ಬೇಕು. ತಹಸೀಲ್ದಾರರ ಕಚೇರಿ ನಿಮ್ಮ ಊರಿನಲ್ಲಿದ್ದರೆ ಬೇಸಿಗೆ ರಜೆಗೆ ಹೋದಾಗಲೇ ಈ ಕೆಲಸ ಮುಗಿಸಿಕೊಂಡು ಬನ್ನಿ.

4. ಒಬ್ಬ ಹಿರಿಯರನ್ನು ಜೊತೆಗಿಟ್ಟುಕೊಳ್ಳಿ

ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಈ ಊರಿಗೆ ಚೆನ್ನಾಗಿ ಒಪ್ಪುತ್ತದೆ. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಹೋದರೆ ಕೇಂದ್ರ ಸಚಿವಾಲಯದ ಅಧಿಕಾರಿ, ವಕೀಲರು, ಪತ್ರಕರ್ತರು, ಎಂಜಿನಿಯರ್, ಅಡುಗೆ ಗುತ್ತಿಗೆದಾರರು ಎಲ್ಲರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಲೋಧಿ ಎಸ್ಟೇಟ್‌ನ ದೆಹಲಿ ಕನ್ನಡ ಶಾಲೆಯಲ್ಲಿ ಓದಿದವರು ನಗರದ ತುಂಬ ಇದ್ದಾರೆ. ಕಾರ್ಯಕ್ರಮ ಮುಗಿದು ಊಟಕ್ಕೆ ನಿಂತಾಗ ಪರಿಚಯ ಮಾಡಿಕೊಳ್ಳಿ.

"ಅಂಕಲ್, ಒಂದು ಕೆಲಸ ಕೊಡಿಸಿ" ಎಂದು ಕೇಳಬೇಡಿ. ಅವರು ಮುಜುಗರಪಡುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಹೀಗೆ ಕೇಳಿ: "ಸರ್, ನಾನು 12ನೇ ಕ್ಲಾಸ್ ಕಾಮರ್ಸ್. ಅಕೌಂಟ್ಸ್ ಕೆಲಸ ಹೇಗಿರುತ್ತೆ ಅಂತ ತಿಳ್ಕೋಬೇಕು. ಭಾನುವಾರ 20 ನಿಮಿಷ ಸಿಗ್ತೀರಾ?" ಈ ಮಾತಿಗೆ ಇಲ್ಲ ಎನ್ನುವವರು ಕಡಿಮೆ. ಹೋಗುವಾಗ ಮೂರು ಪ್ರಶ್ನೆ ಬರೆದುಕೊಂಡು ಹೋಗಿ: ನಿಮ್ಮ ಒಂದು ದಿನ ಹೇಗಿರುತ್ತದೆ? ಶುರುವಿನಲ್ಲಿ ಎಷ್ಟು ಸಂಬಳ ಬರುತ್ತದೆ? ಈಗ ಶುರು ಮಾಡುವುದಾದರೆ ನೀವು ಏನು ಕಲಿಯುತ್ತಿದ್ದಿರಿ? ಮಾರನೆಯ ದಿನ ಧನ್ಯವಾದದ ಎರಡು ಸಾಲು ಕಳಿಸಿ. ಮೂರು ತಿಂಗಳ ನಂತರ ಏನು ಮಾಡಿದಿರೆಂದು ತಿಳಿಸಿ. ಮಾರ್ಗದರ್ಶಕರು ಸಿಗುವುದು ಹೀಗೆ.

5. ಕೈಕಸುಬಿನ ದಾರಿಯನ್ನು ಎರಡನೇ ದರ್ಜೆ ಎಂದು ತಳ್ಳಬೇಡಿ

ದೆಹಲಿಯಲ್ಲಿ ಪೂಸಾ, ಅರಬ್ ಕಿ ಸರಾಯ್, ಜಹಾಂಗೀರ್‌ಪುರಿ ಮುಂತಾದೆಡೆ ಸರ್ಕಾರಿ ಐಟಿಐಗಳಿವೆ. ಸಿರಿ ಫೋರ್ಟ್‌ನಲ್ಲಿ ಹೆಣ್ಣುಮಕ್ಕಳಿಗಾಗಿಯೇ ಒಂದಿದೆ. ನೋಯ್ಡಾದಲ್ಲಿ ಮಹಿಳೆಯರ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಇದೆ. ದೆಹಲಿ ಸರ್ಕಾರದ ಪಾಲಿಟೆಕ್ನಿಕ್‌ಗಳನ್ನು ಒಳಗೊಂಡು 2020ರಲ್ಲಿ ದೆಹಲಿ ಕೌಶಲ ಮತ್ತು ಉದ್ಯಮಶೀಲತಾ ವಿಶ್ವವಿದ್ಯಾಲಯ ಆರಂಭವಾಯಿತು. ದ್ವಾರಕಾದಲ್ಲಿ ಅದರ ಮುಖ್ಯ ಕ್ಯಾಂಪಸ್ ಇದೆ. ಡಿಪ್ಲೊಮಾದಿಂದ ಪದವಿಯವರೆಗೆ ಅಲ್ಲಿ ಕಲಿಯಬಹುದು. ಹೋಟೆಲ್ ಉದ್ಯಮದಲ್ಲಿ ಆಸಕ್ತಿ ಇದ್ದರೆ ಪೂಸಾದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ.

ಐಟಿಐ ಸೇರಿದರೆ ಓದು ಮುಗಿದೇಹೋಯಿತು ಎಂಬ ಭಯ ಬೇಡ. ಐಟಿಐ ಪ್ರಮಾಣಪತ್ರ ಪಡೆದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್ ಮೂಲಕ ಭಾಷಾ ಪರೀಕ್ಷೆ ಬರೆದು 12ನೇ ತರಗತಿಗೆ ಸಮನಾದ ಅರ್ಹತೆ ಪಡೆಯಬಹುದು. ಅಲ್ಲಿಂದ ಪದವಿಗೂ ಹೋಗಬಹುದು. ಎಲೆಕ್ಟ್ರಿಷಿಯನ್, ಫಿಟ್ಟರ್, ಏಸಿ ಮೆಕ್ಯಾನಿಕ್ ಕೆಲಸ ಕಲಿತವರಿಗೆ ಮಾನೇಸರ್, ಫರೀದಾಬಾದ್, ನೋಯ್ಡಾದ ಕಾರ್ಖಾನೆಗಳ ಬಾಗಿಲು ಹತ್ತಿರದಲ್ಲೇ ಇದೆ.

6. ಕಲಿಯುತ್ತಲೇ ಗಳಿಸುವ ದಾರಿ ಹುಡುಕಿ

1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮಗಳು ಶಿಕ್ಷಣದ ಮಟ್ಟ ನೋಡಿ ಕನಿಷ್ಠ ಸ್ಟೈಪೆಂಡನ್ನು ತಿಂಗಳಿಗೆ 5,000ದಿಂದ 9,000 ರೂಪಾಯಿ ಎಂದು ನಿಗದಿ ಮಾಡಿದವು. ಐಟಿಐ, 10, 12ನೇ ತರಗತಿ ಮುಗಿಸಿದವರು ಅಪ್ರೆಂಟಿಸ್‌ಶಿಪ್ ಇಂಡಿಯಾ ಜಾಲತಾಣದಲ್ಲಿ, ಡಿಪ್ಲೊಮಾ ಮತ್ತು ಪದವಿ ಮುಗಿಸಿದವರು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ ನ್ಯಾಟ್ಸ್‌ನಲ್ಲಿ ಹೆಸರು ನೋಂದಾಯಿಸಬಹುದು. 21ರಿಂದ 24 ವಯಸ್ಸಿನವರಿಗಾಗಿ 2024ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯೂ ಶುರುವಾಯಿತು.

ಮನೆಯ ಪರಿಸ್ಥಿತಿಯಿಂದಾಗಿ ಕೂಡಲೇ ದುಡಿಯಬೇಕಾದವರು ಓದು ಬಿಡಬೇಕಿಲ್ಲ. ದೆಹಲಿ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಓಪನ್ ಲರ್ನಿಂಗ್ 1962ರಿಂದ ನಡೆಯುತ್ತಿದೆ. ಮೈದಾನ್ ಗಢಿಯಲ್ಲಿ ಇಗ್ನೋ ಇದೆ. ದೆಹಲಿಯಲ್ಲಿ ವಾಸಿಸುವ ಹೆಣ್ಣುಮಕ್ಕಳಿಗೆ ಇನ್ನೊಂದು ಒಳ್ಳೆಯ ಅವಕಾಶವಿದೆ: ದೆಹಲಿ ವಿಶ್ವವಿದ್ಯಾಲಯದ ಮಹಿಳಾ ಶಿಕ್ಷಣ ಮಂಡಳಿ ಎನ್‌ಸಿವೆಬ್. ತರಗತಿ ಶನಿವಾರ ಇಲ್ಲವೇ ಭಾನುವಾರ. ವಾರವೆಲ್ಲ ಕೆಲಸ ಮಾಡಿ ಡಿಯು ಪದವಿ ಪಡೆಯಬಹುದು.

7. ಅಂಕ ಕೈಕೊಟ್ಟರೆ ಕುಸಿಯಬೇಡಿ

ಒಂದು ವಿಷಯದಲ್ಲಿ ಹೋದರೆ ಪೂರಕ ಪರೀಕ್ಷೆ ಇದೆ. ಹಲವು ವಿಷಯ ಹೋದರೆ ಎನ್‌ಐಒಎಸ್ ಇದೆ. ಅದರ ಕೇಂದ್ರ ಕಚೇರಿ ನೋಯ್ಡಾದ ಸೆಕ್ಟರ್ 62ರಲ್ಲೇ ಇದೆ. ಪದವಿ ಪ್ರವೇಶ ಪರೀಕ್ಷೆ ಸಿಯುಇಟಿಯಲ್ಲಿ ಬಯಸಿದ ಕಾಲೇಜು ಸಿಗದಿದ್ದರೆ ಇಂದ್ರಪ್ರಸ್ಥ ವಿಶ್ವವಿದ್ಯಾಲಯದಲ್ಲಿ ದೆಹಲಿಯಲ್ಲೇ 12 ಮುಗಿಸಿದವರಿಗೆ ಹೆಚ್ಚಿನ ಪಾಲು ಸೀಟು ಇದೆ. ಕರ್ನಾಟಕಕ್ಕೆ ಮರಳಿ ಓದುವ ಯೋಚನೆ ಇದ್ದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮಾಹಿತಿ ಪುಸ್ತಿಕೆಯಲ್ಲಿ ಹೊರನಾಡು ಕನ್ನಡಿಗರ ಕುರಿತ ಷರತ್ತುಗಳನ್ನು ಅರ್ಜಿ ಹಾಕುವ ಮೊದಲೇ ಓದಿ.

ಮನಸ್ಸು ತೀರಾ ಭಾರವಾದರೆ ಒಬ್ಬರೇ ಹೊತ್ತುಕೊಂಡು ಕೂರಬೇಡಿ. 14416 ಟೆಲಿಮಾನಸ್ ಸಹಾಯವಾಣಿ. ಹಗಲಿರಲಿ, ಇರುಳಿರಲಿ, ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅಪ್ಪ ಅಮ್ಮಂದಿರಲ್ಲೂ ಒಂದು ಕೋರಿಕೆ: ಫಲಿತಾಂಶದ ದಿನ ಊರಿನ ಬಂಧುಗಳ ಫೋನ್ ಎತ್ತುವ ಮೊದಲು ಮಗುವಿನ ಪಕ್ಕ ಕೂತು ಊಟ ಮಾಡಿ.

8. ಮೂರು ಭಾಷೆಯನ್ನೂ ದುಡಿಸಿಕೊಳ್ಳಿ

ಹಿಂದಿ ಇಲ್ಲಿ ಅಂಗಡಿಯಲ್ಲೂ ಕಚೇರಿಯಲ್ಲೂ ಬೇಕು. ಇಂಗ್ಲಿಷ್ ಪತ್ರವ್ಯವಹಾರಕ್ಕೆ ಬೇಕು. ಮನೆಯ ಕನ್ನಡವನ್ನು ಮಾತ್ರ ಮಕ್ಕಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೋಯ್ಡಾ, ಗುರುಗ್ರಾಮದ ಗ್ರಾಹಕ ಸೇವಾ ಕಂಪನಿಗಳಿಗೆ ಕನ್ನಡದಲ್ಲಿ ಮಾತಾಡಬಲ್ಲವರು ಬೇಕು. ಡಬ್ಬಿಂಗ್, ಉಪಶೀರ್ಷಿಕೆ, ಅನುವಾದ, ಜಾಹೀರಾತು ಬರವಣಿಗೆಗೂ ಕನ್ನಡದವರು ಬೇಕು. ಸಂಸತ್ತಿನಲ್ಲಿ ಸದಸ್ಯರು ಕನ್ನಡದಲ್ಲಿ ಮಾತಾಡಿದರೆ ಆ ಕ್ಷಣದಲ್ಲೇ ಭಾಷಾಂತರಿಸುವವರಿದ್ದಾರೆ. ಅದೂ ಒಂದು ವೃತ್ತಿಯೇ. ಜೆಎನ್‌ಯುನಲ್ಲಿ ಕನ್ನಡ ಅಧ್ಯಯನ ಪೀಠವೂ ಇದೆ.

ಮಾತು ಬಂದರೆ ಸಾಲದು, ಓದಲು ಬರೆಯಲು ಬರಬೇಕು. ಬರದಿದ್ದರೆ ದಿನಕ್ಕೆ ಅರ್ಧ ಗಂಟೆಯಂತೆ ಕನ್ನಡ ಪತ್ರಿಕೆಯ ಒಂದು ಸುದ್ದಿ ಜೋರಾಗಿ ಓದಿ, ನಾಲ್ಕು ಸಾಲು ಬರೆಯಿರಿ. ಅಜ್ಜಿಗೆ ಕನ್ನಡದಲ್ಲಿ ಟೈಪ್ ಮಾಡಿ ಸಂದೇಶ ಕಳಿಸಿ. ಆರು ತಿಂಗಳಲ್ಲಿ ನಿಮ್ಮ ರೆಸ್ಯೂಮೆಯಲ್ಲಿ 'ಕನ್ನಡ: ಓದು, ಬರಹ, ಮಾತು' ಎಂದು ಧೈರ್ಯವಾಗಿ ಬರೆಯಬಹುದು.

9. ಸರ್ಕಾರಿ ಪರೀಕ್ಷೆಗೆ ಒಂದು ಗಡಿ ಹಾಕಿಕೊಳ್ಳಿ

10 ಮುಗಿಸಿದವರಿಗೆ ಸಿಬ್ಬಂದಿ ನೇಮಕಾತಿ ಆಯೋಗ ಎಸ್‌ಎಸ್‌ಸಿಯ ಎಂಟಿಎಸ್, 12 ಮುಗಿಸಿದವರಿಗೆ ಸಿಎಚ್‌ಎಸ್‌ಎಲ್ ಇದೆ. ಎರಡಕ್ಕೂ 18ರಿಂದಲೇ ಅರ್ಜಿ ಹಾಕಬಹುದು. 2023ರಿಂದ ಈ ಎರಡನ್ನೂ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯುವ ಅವಕಾಶ ಸಿಕ್ಕಿತು. ಕರ್ನಾಟಕದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈಚೆಗೆ ದೆಹಲಿಗೆ ಬಂದ ಮಕ್ಕಳಿಗೆ ಇದು ದೊಡ್ಡ ಅನುಕೂಲ.

ಆದರೆ ಮುಖರ್ಜಿ ನಗರದ ಕೋಚಿಂಗ್ ಬೀದಿಯಲ್ಲಿ 'ಇನ್ನೊಂದು ವರ್ಷ' ಎನ್ನುತ್ತಲೇ ಇಡೀ ಯೌವನ ಕಳೆದವರೂ ಇದ್ದಾರೆ. ಶುರು ಮಾಡುವ ದಿನವೇ ಕ್ಯಾಲೆಂಡರಿನಲ್ಲಿ ನಿಲ್ಲಿಸುವ ದಿನವನ್ನೂ ಗುರುತು ಹಾಕಿ, ಮನೆಯವರಿಗೆ ತೋರಿಸಿ. ಜೊತೆಗೆ ಒಂದು ಪದವಿಯೋ ಅರೆಕಾಲಿಕ ಕೆಲಸವೋ ನಡೆಯುತ್ತಿರಲಿ.

10. ರೆಸ್ಯೂಮೆ ಒಂದೇ ಪುಟ, ಅದರಲ್ಲಿ ನಿಜವಷ್ಟೇ

ಅನುಭವವೇ ಇಲ್ಲ, ಏನು ಬರೆಯಲಿ ಎನ್ನುತ್ತೀರಿ. ಗಣೇಶೋತ್ಸವದಲ್ಲಿ ದೇಣಿಗೆ ಲೆಕ್ಕ ಬರೆದಿದ್ದೀರಾ? ರಾಜ್ಯೋತ್ಸವದ ವೇದಿಕೆಯಲ್ಲಿ ನಿರೂಪಣೆ ಮಾಡಿದ್ದೀರಾ? ತಂಗಿಯ ತರಗತಿಯ ಮಕ್ಕಳಿಗೆ ಪಾಠ ಹೇಳಿದ್ದೀರಾ? ಅದೇ ಅನುಭವ. 'ಪರಿಶ್ರಮಿ, ಪ್ರಾಮಾಣಿಕ' ಎಂಬ ವಿಶೇಷಣ ಬೇಡ. ಏನು ಮಾಡಿದಿರಿ, ಎಷ್ಟು ಜನರಿಗೆ, ಎಷ್ಟು ದಿನ ಎಂದು ಬರೆಯಿರಿ. ಇಮೇಲ್ ವಿಳಾಸದಲ್ಲಿ ಅಡ್ಡಹೆಸರು ಬೇಡ. ಕಾರ್ಮಿಕ ಸಚಿವಾಲಯದ ರಾಷ್ಟ್ರೀಯ ವೃತ್ತಿ ಸೇವೆ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿ.

ಸಂದರ್ಶನಕ್ಕೆ ಮೊದಲು ಕನ್ನಡಿಯ ಮುಂದಲ್ಲ, ಮನುಷ್ಯರ ಮುಂದೆ ಅಭ್ಯಾಸ ಮಾಡಿ. ಅಪ್ಪನನ್ನೇ ಕೂರಿಸಿ 'ನಿಮ್ಮ ಬಗ್ಗೆ ಹೇಳಿ' ಎಂದು ಹಿಂದಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಕೇಳಲು ಹೇಳಿ. ಎರಡು ನಿಮಿಷ ತಡವರಿಸದೆ ಹೇಳುವಂತಾದರೆ ಅರ್ಧ ಭಯ ಹೋಗುತ್ತದೆ.

11. ದುಡ್ಡು ಕೇಳುವ ಕೆಲಸ ಕೆಲಸವೇ ಅಲ್ಲ

ಇದನ್ನು ಮನೆಯ ಗೋಡೆಗೆ ಬರೆದು ಅಂಟಿಸಿ. ಕರೆ ಬರುತ್ತದೆ: "ಆಪ್‌ಕಾ ಸೆಲೆಕ್ಷನ್ ಹೋ ಗಯಾ ಹೈ." ದೊಡ್ಡ ಕಂಪನಿಯ ಹೆಸರು, ಸಂಬಳ 28,000. ಮರುಕ್ಷಣವೇ ನೋಂದಣಿಗೆ 500 ರೂಪಾಯಿ. ಕೊಟ್ಟರೆ ಸಮವಸ್ತ್ರಕ್ಕೆ 1,500. ಅದನ್ನೂ ಕೊಟ್ಟರೆ ಲ್ಯಾಪ್‌ಟಾಪ್ ಠೇವಣಿ. "ಇವತ್ತೇ ಕಟ್ಟದಿದ್ದರೆ ಸೀಟು ಬೇರೆಯವರಿಗೆ" ಎಂಬ ಅವಸರ. ಕೊನೆಗೆ ಆ ನಂಬರೇ ಸ್ವಿಚ್ ಆಫ್. ನಿಜವಾದ ಉದ್ಯೋಗದಾತರು ಸಂಬಳ ಕೊಡುತ್ತಾರೆ, ನಿಮ್ಮಿಂದ ದುಡ್ಡು ಕೇಳುವುದಿಲ್ಲ.

ಇದೇ ಜಾತಿಯ ಇನ್ನೂ ಮೂರು ಬಲೆಗಳಿವೆ. ವಿಡಿಯೊ ಲೈಕ್ ಮಾಡಿದರೆ ಹಣ ಎಂದು ಮೊದಲು ನೂರಿನ್ನೂರು ಕೊಟ್ಟು ಆಮೇಲೆ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವ 'ಟಾಸ್ಕ್' ಕೆಲಸ ಮೊದಲನೆಯದು. ನಿಮ್ಮ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೇಳುವುದು ಎರಡನೆಯದು. ವಂಚನೆಯ ಹಣ ನಿಮ್ಮ ಖಾತೆಗೆ ಬಂದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಆಗ್ನೇಯ ಏಷ್ಯಾದಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ಕರೆದೊಯ್ದು ಸೈಬರ್ ವಂಚನೆಯ ಕೂಟಗಳಲ್ಲಿ ಕೂಡಿಹಾಕುವುದು ಮೂರನೆಯದು. ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ಬಗ್ಗೆ ಭಾರತದ ರಾಯಭಾರ ಕಚೇರಿಗಳೇ ಎಚ್ಚರಿಕೆ ಕೊಟ್ಟಿವೆ. ಮೂಲ ಅಂಕಪಟ್ಟಿಯನ್ನು ಯಾರ ಬಳಿಯೂ ಬಿಟ್ಟು ಬರಬೇಡಿ. ಹಣ ಹೋಯಿತೆಂದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅಪ್ಪ ಬೈಯುತ್ತಾರೆಂದು ಎರಡು ದಿನ ಮುಚ್ಚಿಟ್ಟರೆ ಹಣ ಮರಳಿ ಸಿಗುವ ಸಾಧ್ಯತೆಯೂ ಹೋಗುತ್ತದೆ.

12. ಸಂಬಳದ ಚೀಟಿ ಓದಲು ಕಲಿಯಿರಿ

ಸಿಟಿಸಿ 22,450 ಎನ್ನುತ್ತಾರೆ, ಕೈಗೆ 18,050 ಬರುತ್ತದೆ. ಮೋಸವಾಯಿತೆಂದು ಗಾಬರಿಯಾಗುವ ಮೊದಲು ಲೆಕ್ಕ ನೋಡಿ. ಒಟ್ಟು ಸಂಬಳ 20,000, ಅದರಲ್ಲಿ ಮೂಲ ವೇತನ 15,000 ಎಂದುಕೊಳ್ಳಿ. ಮೂಲ ವೇತನದ ಶೇ. 12ರಷ್ಟು, ಅಂದರೆ 1,800 ರೂಪಾಯಿ, ನಿಮ್ಮ ಪಿಎಫ್‌ಗೆ ಹೋಗುತ್ತದೆ. ಕಂಪನಿಯೂ 1,800 ಹಾಕುತ್ತದೆ. ಇಎಸ್‌ಐಗೆ ನಿಮ್ಮ ಪಾಲು ಶೇ. 0.75, ಹೆಚ್ಚೆಂದರೆ 150. ಕಂಪನಿಯ ಪಾಲು ಶೇ. 3.25, ಹೆಚ್ಚೆಂದರೆ 650. ಕಂಪನಿ ಹಾಕುವ ಎರಡೂ ಮೊತ್ತವನ್ನು ಸೇರಿಸಿ ಹೇಳಿದ್ದೇ ಸಿಟಿಸಿ. ಪಿಎಫ್ ನಿಮ್ಮ ಉಳಿತಾಯ, ಇಎಸ್‌ಐ ನಿಮ್ಮ ಆಸ್ಪತ್ರೆ ಖರ್ಚಿನ ರಕ್ಷಣೆ. ಚೀಟಿಯಲ್ಲಿ ಕಡಿತ ತೋರಿಸಿ ಖಾತೆಗೆ ಕಟ್ಟದಿದ್ದರೆ ಅದೇ ಮೋಸ. ನಿಮ್ಮ ಪಿಎಫ್ ಗುರುತಿನ ಸಂಖ್ಯೆ ಯುಎಎನ್ ಸಕ್ರಿಯಗೊಳಿಸಿ, ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡಿ.

2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕಡ್ಡಾಯ, ಕೇಳಿ ಪಡೆಯಿರಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಮೊದಲ ಬಾರಿ ಪಿಎಫ್ ಇರುವ ಕೆಲಸಕ್ಕೆ ಸೇರಿದವರಿಗೆ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಡಿ ಎರಡು ಕಂತಿನಲ್ಲಿ 15,000 ರೂಪಾಯಿವರೆಗೆ ಪ್ರೋತ್ಸಾಹಧನ ಇದೆ. ಆರು ತಿಂಗಳು, ಹನ್ನೆರಡು ತಿಂಗಳು ಕೆಲಸದಲ್ಲಿ ಉಳಿದವರಿಗೆ ಅದು ಸಿಗುತ್ತದೆ.

13. ದೂರವನ್ನೂ ಸಂಬಳದಿಂದ ಕಳೆದು ನೋಡಿ

2025ರ ಆಗಸ್ಟ್ ಪರಿಷ್ಕರಣೆಯ ನಂತರ ಮೆಟ್ರೊದ ಗರಿಷ್ಠ ದರ 64 ರೂಪಾಯಿ. ದ್ವಾರಕಾ ಸೆಕ್ಟರ್ 21ರಿಂದ ನೋಯ್ಡಾ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರಲು ದಿನಕ್ಕೆ 128, ತಿಂಗಳಿಗೆ 26 ದಿನವೆಂದರೆ 3,328. ಜೊತೆಗೆ ದಿನದ ಮೂರು ಗಂಟೆ. ಮನೆಯ ಹತ್ತಿರದ ಕೊಂಚ ಕಡಿಮೆ ಸಂಬಳದ ಕೆಲಸ ದೂರದ ಹೆಚ್ಚು ಸಂಬಳದ ಕೆಲಸಕ್ಕಿಂತ ಮೇಲಾಗಬಹುದು.

ಇನ್ನೊಂದು ಮಾತು. ಎನ್‌ಸಿಆರ್ ಒಂದೇ ಊರಿನಂತೆ ಕಂಡರೂ ಕನಿಷ್ಠ ವೇತನ ದೆಹಲಿ, ಹರಿಯಾಣ, ಉತ್ತರ ಪ್ರದೇಶಗಳಲ್ಲಿ ಬೇರೆ ಬೇರೆ. 2025ರ ಏಪ್ರಿಲ್‌ನಿಂದ ದೆಹಲಿಯಲ್ಲಿ ಕೌಶಲರಹಿತ ಕೆಲಸಕ್ಕೆ ತಿಂಗಳಿಗೆ 18,456, ಕುಶಲ ಕೆಲಸಕ್ಕೆ 22,411 ರೂಪಾಯಿ ನಿಗದಿಯಾಯಿತು. ಇದು ಏಪ್ರಿಲ್, ಅಕ್ಟೋಬರ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಕೆಲಸದ ಜಾಗ ಗಡಿಯ ಯಾವ ಬದಿಯಲ್ಲಿದೆ ಎಂದು ಮೊದಲು ಕೇಳಿ, ಆಮೇಲೆ ಸಂಬಳದ ಮಾತಾಡಿ.

14. ಮೊದಲ ಮೂರು ತಿಂಗಳು ಕಿವಿ ತೆರೆದಿರಲಿ, ಅನ್ಯಾಯಕ್ಕೆ ಬಾಯಿಯೂ ತೆರೆಯಲಿ

ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಇರಿ. ಹೇಳಿದ್ದನ್ನು ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳಿ. ಎಲ್ಲರನ್ನೂ, ಚಹಾ ತಂದುಕೊಡುವವರನ್ನೂ, 'ಆಪ್' ಎಂದೇ ಮಾತಾಡಿಸಿ. ಗೊತ್ತಿಲ್ಲದ್ದನ್ನು ಅದೇ ದಿನ ಕೇಳಿ. ತಿಂಗಳ ನಂತರ ಕೇಳಲು ಇನ್ನೂ ಕಷ್ಟ. ಮೊದಲ ಸಂಬಳದಲ್ಲಿ ಮನೆಗೆ ಸಿಹಿ ತನ್ನಿ, ಅದೇ ದಿನ ಒಂದು ಪಾಲನ್ನು ಉಳಿತಾಯಕ್ಕೆ ಹಾಕಿ.

ಕಿರುಕುಳವನ್ನು 'ಹೊಸಬರಿಗೆ ಇದೆಲ್ಲ ಇದ್ದದ್ದೇ' ಎಂದು ನುಂಗಿಕೊಳ್ಳಬೇಡಿ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಮಹಿಳೆಯರ ಲೈಂಗಿಕ ಕಿರುಕುಳದ ದೂರು ವಿಚಾರಿಸಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಆ ರಕ್ಷಣೆ ತರಬೇತಿಗೆ ಬಂದ ಹುಡುಗಿಯರಿಗೂ ಉಂಟು. ಮಹಿಳಾ ಸಹಾಯವಾಣಿ 181; 18 ತುಂಬದವರಿಗೆ 1098.

15. ಹೆಚ್ಚಿನ ಆಸರೆ ಬೇಕಾದವರನ್ನು ಬಿಟ್ಟು ಮುಂದೆ ಹೋಗಬೇಡಿ

ಈ ಸೂತ್ರ ಹಿರಿಯರಿಗೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಇರುವ ಮಕ್ಕಳ ತಂದೆ ತಾಯಂದಿರು 18ರ ಹೊಸ್ತಿಲಲ್ಲಿ ಒಂಟಿಯಾಗಿಬಿಡುತ್ತಾರೆ: ಶಾಲೆ ಮುಗಿಯಿತು, ಮುಂದೇನು? ಜಸೋಲಾದ ಆ್ಯಕ್ಷನ್ ಫಾರ್ ಆಟಿಸಂ, ವಸಂತ್ ಕುಂಜ್‌ನ ಮುಸ್ಕಾನ್ ಸಂಸ್ಥೆಗಳು ಈ ವಯಸ್ಸಿನವರಿಗೆ ಕೆಲಸದ ತರಬೇತಿ ಕೊಡುತ್ತವೆ. 18ರ ನಂತರ ಕಾನೂನು ರೀತ್ಯಾ ಪೋಷಕತ್ವ ಬೇಕಾದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ದಾರಿ ಇದೆ. ಅಂಗವಿಕಲರ ಗುರುತಿನ ಚೀಟಿ ಯುಡಿಐಡಿ ಕಾರ್ಡ್ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4ರಷ್ಟು ಮೀಸಲಾತಿ ಕೊಟ್ಟಿದೆ. ತರಬೇತಿಯನ್ನು 14, 15ರಲ್ಲೇ ಶುರು ಮಾಡಿ: ಒಬ್ಬರೇ ಬಸ್ ಹತ್ತುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವುದು, ಗಡಿಯಾರ ನೋಡಿ ಕೆಲಸ ಶುರು ಮಾಡುವುದು. ಮುಂದಿನ ಉದ್ಯೋಗ ನಿಲ್ಲುವುದು ಇವುಗಳ ಮೇಲೆಯೇ.

ಬೆನ್ನಿಗೆ ಮನೆಯೇ ಇಲ್ಲದ ಮಕ್ಕಳೂ ಈ ನಗರದಲ್ಲಿದ್ದಾರೆ. ಬಾಲಗೃಹದಿಂದ 18ಕ್ಕೆ ಹೊರಬರುವವರಿಗೆ 21ರವರೆಗೆ ಆಸರೆ ಕೊಡಲು 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮಿನಲ್ಲಿ ಅವಕಾಶವಿದೆ. ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವೂ ಉಂಟು. ದೆಹಲಿಯ ಉದಯನ್ ಕೇರ್ 1994ರಿಂದ ಇಂಥ ಮಕ್ಕಳ ಜೊತೆ ನಿಂತಿದೆ. 1988ರಲ್ಲಿ ಹುಟ್ಟಿದ ಸಲಾಂ ಬಾಲಕ್ ಟ್ರಸ್ಟ್‌ನಲ್ಲಿ ಬೀದಿಯಲ್ಲಿ ಬೆಳೆದ ಯುವಕ ಯುವತಿಯರೇ ಮಾರ್ಗದರ್ಶಕರಾಗಿ ಪ್ರವಾಸಿಗರಿಗೆ ಪಹಾಡ್‌ಗಂಜ್‌ನ ಓಣಿಗಳನ್ನು ತೋರಿಸುತ್ತಾರೆ. ತಾವು ಕಂಡ ಬದುಕನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೇಳುತ್ತಲೇ ಅವರಿಗೆ ಭಾಷೆ, ಧೈರ್ಯ, ಸಂಪಾದನೆ ಮೂರೂ ಬರುತ್ತವೆ. ಒಬ್ಬರು ನಂಬಿ ಕೆಲಸ ಒಪ್ಪಿಸಿದರೆ 18ರ ಮಗು ಎಷ್ಟು ಎತ್ತರಕ್ಕೆ ಬೆಳೆಯಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ವಾರವೇ ಶುರು ಮಾಡಿ

ಮಕ್ಕಳೇ, ಮೂರು ಕೆಲಸ: ಐದು ವರ್ಷದ ಹಾಳೆ ಬರೆಯಿರಿ, ಎಲ್ಲ ದಾಖಲೆಗಳಲ್ಲಿ ಹೆಸರು ತಾಳೆ ನೋಡಿ, ಒಬ್ಬ ಹಿರಿಯರಿಂದ ಭಾನುವಾರದ 20 ನಿಮಿಷ ಕೇಳಿ.

ಹಿರಿಯರೇ, ನಿಮಗೆ ಒಂದೇ ಕೆಲಸ. ನಿಮ್ಮ ಕಚೇರಿ, ಅಂಗಡಿ, ಕಾರ್ಖಾನೆಗೆ ನಮ್ಮವರ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಒಂದು ದಿನ ಕರೆದೊಯ್ದು ನೀವು ಮಾಡುವ ಕೆಲಸ ತೋರಿಸಿ. ಸಂಘಗಳು ಹಬ್ಬಕ್ಕೆ ಸಭಾಂಗಣ ತೆರೆಯುವಂತೆಯೇ ತಿಂಗಳಿಗೊಂದು ಭಾನುವಾರ ಉದ್ಯೋಗ ಸಲಹೆಗೂ ತೆರೆಯಲಿ. ಬರುವ ಮೇ ತಿಂಗಳ ಫಲಿತಾಂಶಕ್ಕೆ ಮೊದಲೇ ಇದು ಶುರುವಾದರೆ, ಕೇಳಲು ಯಾರೂ ಇಲ್ಲ ಎಂದು ಈ ಊರಿನ ಯಾವ ಕನ್ನಡದ ಮಗುವೂ ಹೇಳಬೇಕಾಗಿ ಬರುವುದಿಲ್ಲ.